ಜಾರ್ಜಪ್ಪನಿಗೆ ಹುಣಸೆಕುಂಟೆಯಲ್ಲಿ ನ್ಯಾಯ

ಚಿಕ್ಕಬಳ್ಳಾಪುರದ ಸಿನಿಮಾ ಶಿಬಿರಕ್ಕೆ ಅಂಬರೀಶ್ ಹೋಗಿದ್ದು ಮಧ್ಯಾಹ್ನದ ಊಟ ಫ್ರೀ ಎಂಬ ಒಂದೇ ಕಾರಣಕ್ಕೆ. ವಾಪಸ್ ಬಂದಾಗ ಹೊಟ್ಟೆ ಮೊದಲಿನ ಹಾಗೇ ಇತ್ತು, ತಲೆ ಮಾತ್ರ ಇಂಗ್ಲೆಂಡಿನಲ್ಲಿತ್ತು.

ಹಾಡಿಲ್ಲದ, ಫೈಟಿಲ್ಲದ, ಕೊನೆಗೆ ಹೀರೋನೇ ಇಲ್ಲದ ಪಿಕ್ಚರ್ ತೆಗೆಯುವ ಕೆಲವು ಬ್ರಿಟಿಷ್ ನಿರ್ದೇಶಕರು ಅಲ್ಲಿದ್ದಾರಂತೆ. ಮಿಲ್ಲಿನಲ್ಲಿ ಕೆಲಸ ಹೋದವರು, ಬಾಡಿಗೆ ಮನೆಯವರು, ಆಫೀಸಿನ ಬಾಗಿಲಲ್ಲಿ ನಿಂತು ನಿಂತು ಕಾಲು ಊದಿಸಿಕೊಂಡವರು, ಇಂಥವರದೇ ಕಥೆಯಂತೆ. ಬೀದಿಯಲ್ಲಿ ಹೋಗುವವರನ್ನೇ ಕರೆದು ಕ್ಯಾಮೆರಾ ಮುಂದೆ ನಿಲ್ಲಿಸುತ್ತಾರಂತೆ. ನಟನ ಕೈಗೆ ಕಥೆ ಕೊಡುವುದೇ ಇಲ್ಲವಂತೆ. ಮುಂದೆ ತನಗೇನು ಕಾದಿದೆ ಎಂದು ಪಾಪ, ಅವನಿಗೇ ಗೊತ್ತಿರುವುದಿಲ್ಲವಂತೆ. ಶಿಬಿರದ ಕತ್ತಲೆ ಕೋಣೆಯಲ್ಲಿ ಇಂಥದ್ದೊಂದು ನೋಡಿ ಅಂಬರೀಶನಿಗೆ ಮೊದಲು ಅಳು ಬಂತು, ಆಮೇಲೆ ಸಿಟ್ಟು ಬಂತು. ಹುಟ್ಟಿದಾಗಿನಿಂದ ಹಾಡು ಹಾಕಿ ಹಾಕಿ ನಮಗೆ ಮೋಸ ಮಾಡಿದರಲ್ಲ! ಅಳು ಬಸ್ಸಿನಲ್ಲೇ ನಿಂತುಹೋಯಿತು. ಸಿಟ್ಟು ಅವನ ಜೊತೆಗೇ ಇಳಿದು ಮನೆಗೆ ಬಂತು.

ಮನೆ ಇದ್ದದ್ದು ಹುಣಸೆಕುಂಟೆಯಲ್ಲಿ. ಮೇಲೂರು ದಾಟಿದ ಮೇಲೆ, ಬಸ್ಸು ನಿಲ್ಲಿಸಬೇಕೋ ಬೇಡವೋ ಎಂದು ಡ್ರೈವರು ಯೋಚನೆ ಮಾಡುವಂಥ ಊರು. ಅಂಬರೀಶ್ ದಿನಾ ಅಲ್ಲಿಂದ ಶಿಡ್ಲಘಟ್ಟಕ್ಕೆ ಹೋಗಿ ಟ್ರ್ಯಾಕ್ಟರ್ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಬಿಲ್ ಹಾಕುತ್ತಿದ್ದ. ಈಗ ಬಿಲ್ ಹಾಕುವಾಗಲೂ ಗಿರಾಕಿಯ ಮುಖವನ್ನು ದಿಟ್ಟಿಸಿ ನೋಡಿ, "ಸಾರ್, ನಿಮ್ದು ಎಂಥಾ ರಿಯಲ್ ಮುಖ ಸಾರ್" ಅನ್ನತೊಡಗಿದ. ಗಿರಾಕಿಗಳು ಬೇರೆ ಅಂಗಡಿ ನೋಡಿಕೊಂಡರು.

ಚಿಕ್ಕಪ್ಪನ ಮಗಳ ನಿಶ್ಚಿತಾರ್ಥದಲ್ಲಂತೂ ಅವನು ವಿಡಿಯೋದವನ ಹತ್ತಿರ ಹೋಗಿ, ದೊಡ್ಡ ಲೈಟುಗಳನ್ನೆಲ್ಲ ಆರಿಸಿಬಿಟ್ಟ. "ಬೆಳಕು ಹೆಂಗಿದ್ಯೋ ಹಂಗೇ ಇರ್ಲಿ ಗುರು. ಇಂಗ್ಲೆಂಡಲ್ಲಿ ಹಿಂಗೇ." ಆ ವಿಡಿಯೋದಲ್ಲಿ ಗಂಡು ಯಾರು, ಕಂಬ ಯಾವುದು ಎಂದು ಎರಡು ಕಡೆಯವರಿಗೂ ಇವತ್ತಿಗೂ ಜಗಳ ನಡೆಯುತ್ತಿದೆ.

ಅವನ ಅಮ್ಮ ಮಂಗಮ್ಮ ಪಾತ್ರೆ ತೊಳೆಯುತ್ತಿದ್ದರೆ ಹಿಂದೆ ನಿಂತು ಫೋನ್ ಹಿಡಿಯುತ್ತಿದ್ದ. "ತಿರುಗ್ಬೇಡಮ್ಮ. ಹಂಗೇ ಉಜ್ತಾ ಇರು. ಇದೇ ರಿಯಲಿಸಂ."

"ರಿಯಲಿಸಮ್ಮೋ ಗಿಯಲಿಸಮ್ಮೋ, ಆ ಬೋಸಿ ಸೀದೋಗೈತೆ, ಬಂದು ನೀನುಜ್ಜು," ಎನ್ನುತ್ತಿದ್ದಳು ಮಂಗಮ್ಮ. ರಿಯಲಿಸಂ ಅಲ್ಲಿಗೆ ಮುಗಿಯುತ್ತಿತ್ತು.

ಇಂಥ ಪಿಕ್ಚರ್‌ಗಳನ್ನು ತಿಂಗಳಿಗೊಂದು ಊರಿಗೇ ತೋರಿಸಬೇಕೆಂದು ಅಂಬರೀಶ್ ತೀರ್ಮಾನಿಸಿದ. ತೋರಿಸಲು ಊರಲ್ಲಿ ಇದ್ದದ್ದು ಒಂದೇ ಜಾಗ, ಅಂಬೇಡ್ಕರ್ ಭವನ. ಭವನದ ಕಮಿಟಿಗೆ ಅಧ್ಯಕ್ಷರು ಅವನ ದೊಡ್ಡಪ್ಪ ಮುನಿಗಂಗಪ್ಪ. ಸ್ಕೂಲಲ್ಲಿ ಬೆಲ್ ಹೊಡೆಯುವ ಕೆಲಸದಿಂದ ರಿಟೈರ್ ಆದವರು. ಈಗಲೂ ಅವರು ಕೆಮ್ಮಿದರೆ ಊರು ಸಾಲಾಗಿ ನಿಲ್ಲುತ್ತಿತ್ತು. ಆದರೆ ಭವನದ ಮೇಲೆ ಇನ್ನೊಬ್ಬರ ಕಣ್ಣೂ ಬಿದ್ದಿತ್ತು. ಶಾಮಿಯಾನ ಮುನೇಶ ತನ್ನ ಕುರ್ಚಿ, ಪೈಪು, ಕೊಪ್ಪರಿಗೆಗಳನ್ನೆಲ್ಲ ಭವನದಲ್ಲಿ ಇಡಲು ಬಿಡಿ ಎಂದು ಯುಗಾದಿಯಿಂದ ಕೇಳುತ್ತಿದ್ದ.

"ಭವನ ಇರೋದು ಜ್ಞಾನಕ್ಕೆ ದೊಡ್ಡಪ್ಪ, ಕೊಪ್ಪರಿಗೆಗಲ್ಲ!" ಅಂಬರೀಶ್ ಕೂಗಾಡಿದ.

"ನನ್ ಕೊಪ್ಪರಿಗೇಲಿ ಉಂಡೇ ನೀನು ಇಷ್ಟ್ ದಪ್ಪ ಆಗಿರೋದು ಕಣೋ," ಎಂದ ಮುನೇಶ.

ಮುನಿಗಂಗಪ್ಪ ಕೆಮ್ಮಿದರು. "ಒಂದ್ ಪಿಚ್ಚರ್ ಹಾಕು. ಕೂತಿರೋ ಜನ ಕೊನೇವರ್ಗೂ ಕೂತಿದ್ರೆ ತಿಂಗ್ಳಿಗೊಂದಿನ ಭವನ ನಿಂದು. ಎದ್ದೋದ್ರೆ ಮುನೇಶಂದು. ಮುಗೀತು."

ಭವನದ ಒಂದು ಕಟ್ಟುಪಾಡನ್ನು ಇಲ್ಲಿ ಹೇಳಲೇಬೇಕು. ಅಲ್ಲಿ ಜನ ಕೂತಿರುವಾಗ ಯಾರದಾದರೂ ಕಷ್ಟ ಬಂದು ನಡುವೆ ಬಿದ್ದರೆ, ಅದಕ್ಕೊಂದು ತೀರ್ಮಾನ ಆಗುವವರೆಗೆ ಯಾರೂ ಏಳುವಂತಿಲ್ಲ. ಕಷ್ಟದವರಿಗೆ ಎಡಗಡೆ ಚಾಪೆ, ಎದುರು ಪಾರ್ಟಿಗೆ ಬಲಗಡೆ ಚಾಪೆ. ಬರಲಾಗದವರ ಬದಲು ಅವರ ಕಡೆಯವರು ಕೂರಬೇಕು. ಹಿಂದೊಮ್ಮೆ ಒಂದು ಎಮ್ಮೆಯ ವಿಷಯಕ್ಕೆ ಕೂತವರು ಊಟವನ್ನೂ ಅಲ್ಲಿಗೇ ತರಿಸಿಕೊಂಡು ಕೂತೇ ಇದ್ದರು; ಕೊನೆಗೆ ಬೇಜಾರಾಗಿ ಎದ್ದು ಹೋದದ್ದು ಎಮ್ಮೆ. ಈ ಕಟ್ಟುಪಾಡು ಅಂಬರೀಶನಿಗೂ ಗೊತ್ತಿತ್ತು. ಸಿನಿಮಾಕ್ಕೂ ಅದಕ್ಕೂ ಸಂಬಂಧ ಇದೆ ಎಂದು ಮಾತ್ರ ಅವನಿಗೆ ಹೊಳೆದಿರಲಿಲ್ಲ.

ಭಾನುವಾರ ಮಧ್ಯಾಹ್ನ ಭವನದ ಕಿಟಕಿಗಳಿಗೆ ಟಾರ್ಪಾಲು ಬಿತ್ತು. ಮುನಿಗಂಗಪ್ಪನವರ ಮಗಳು ಸಂಘಮಿತ್ರ ಲ್ಯಾಪ್‌ಟಾಪ್ ಹಿಡಿದು ಕೂತಳು. ಚಿಕ್ಕಬಳ್ಳಾಪುರದಲ್ಲಿ ಲಾ ಓದುತ್ತಿದ್ದ ಹುಡುಗಿ. ಅಂಬರೀಶನನ್ನು ನೋಡಿದರೇ ಅವಳಿಗೆ ನಗು. ಮುಖ್ಯ ಅತಿಥಿಯಾಗಿ ಶಿಬಿರ ನಡೆಸಿದ್ದ ಮೋಹನ್‌ಬಾಬು ಬಂದರು. ಬಿಸಿಲಿಗೂ ಕುತ್ತಿಗೆಗೆ ಉಲ್ಲನ್ ಶಾಲು. ಅವರಿಗೆ ಮುನೇಶನ ಕೆಂಪು ಸಿಂಹಾಸನದ ಕುರ್ಚಿ ಹಾಕಿದರು. ಕುರ್ಚಿ ಹಾಕಿದ್ದು ಬಲಗಡೆ ಚಾಪೆಯ ಮೇಲೆ. ಅದನ್ನೂ ಆಗ ಯಾರೂ ಗಮನಿಸಲಿಲ್ಲ.

"ಇವತ್ತಿನ ಚಿತ್ರದ ಮಹಾನ್ ನಿರ್ದೇಶಕರು ನನಗೆ ಆತ್ಮೀಯರು," ಎಂದು ಮೋಹನ್‌ಬಾಬು ಭಾಷಣ ಮಾಡಿದರು. "ಈಚೆಗೆ ನಾನೊಂದು ಮೇಲ್ ಬರೆದೆ. ತಕ್ಷಣ ಉತ್ತರ ಬಂತು." ನಿಮ್ಮ ಮೇಲ್ ತಲುಪಿದೆ ಎಂದು ಕಂಪ್ಯೂಟರು ತಾನಾಗಿಯೇ ಕಳಿಸಿದ ಉತ್ತರ ಅದು ಎಂಬುದನ್ನು ಅವರು ಹೇಳಲಿಲ್ಲ. ಜನ ಚಪ್ಪಾಳೆ ತಟ್ಟಿದರು.

ಆಮೇಲೆ ಅಂಬರೀಶ್ ಮೈಕು ಹಿಡಿದ. ಜೀವನದಲ್ಲಿ ಅವನು ಮಾಡಿದ ಅತಿ ದೊಡ್ಡ ತಪ್ಪು ಇದೇ.

"ಇದ್ರಲ್ಲಿ ಆ್ಯಕ್ಟಿಂಗ್ ಇಲ್ಲ! ಮೇಕಪ್ ಇಲ್ಲ! ಇವ್ರು ನಿಜವಾದ ಜನ! ನಿಜವಾದ ಮನೆ! ನಿಜವಾದ ಕಷ್ಟ! ಬಂಡಲ್ ಬೇಕಂದ್ರೆ ಟಿವಿ ನೋಡ್ಕಳಿ, ಸತ್ಯ ಬೇಕಂದ್ರೆ ಇಲ್ ಕೂತ್ಕಳಿ!"

ಜನ ಚಕ್ಕಂಬಕ್ಕಲ ಹಾಕಿ ಭದ್ರವಾಗಿ ಕೂತರು.

ಪಿಕ್ಚರ್ ಶುರುವಾಯಿತು. ಜಾರ್ಜ್ ಎಂಬ ಮುದುಕ. ಉಣ್ಣೆ ಮಿಲ್ಲಿನಲ್ಲಿ ದುಡಿದು ಸುಸ್ತಾದವನು. ಹೆಂಡತಿ ತೀರಿಕೊಂಡಿದ್ದಾಳೆ. ಅಡುಗೆಮನೆಯ ಸಿಂಕಿನ ಮುಂದೆ ನಿಂತು ಕಿಟಕಿಯಾಚೆ ನೋಡುತ್ತಿದ್ದಾನೆ. ನೋಡುತ್ತಲೇ ಇದ್ದಾನೆ. ನಲ್ಲಿಯಲ್ಲಿ ನೀರು ಸುರಿಯುತ್ತಿದೆ.

"ಇದು ಲಾಂಗ್ ಟೇಕ್," ಎಂದ ಅಂಬರೀಶ್ ಮೈಕಿನಲ್ಲಿ. "ಕಟ್ ಮಾಡಲ್ಲ. ಯಾಕಂದ್ರೆ ಜೀವನದಲ್ಲಿ ಕಟ್ ಇಲ್ಲ."

"ಕಟ್ ಆಮೇಲ್ ಮಾಡ್ಲಿ, ಮೊದ್ಲು ಆ ನಲ್ಲಿ ನಿಲ್ಸಕ್ ಹೇಳೋ," ಕತ್ತಲಲ್ಲಿ ಮಂಗಮ್ಮನ ದನಿ. "ನಾವಿಲ್ಲಿ ಮೂರ್ ದಿನಕ್ಕೊಂದ್ಸಲ ನೀರ್ ಹಿಡೀತಾ ಇದೀವಿ."

ಇಂಗ್ಲಿಷು ಯಾರಿಗೂ ತಿಳಿಯದ ಕಾರಣ ಅಂಬರೀಶನೇ ಮೈಕಿನಲ್ಲಿ ಕನ್ನಡ ಮಾಡಿ ಹೇಳುತ್ತಿದ್ದ. ಜಾರ್ಜ್ ಆಗಲೇ ಜಾರ್ಜಪ್ಪನಾಗಿದ್ದ. ಮನೆ ಸರ್ಕಾರದ್ದು. ಆಫೀಸಿನವರು ಬಂದರು. ನಿನ್ನ ಹೆಂಡತಿ ಸತ್ತಳು, ನೀನೀಗ ಒಬ್ಬನೇ, ಒಂದು ರೂಮು ಜಾಸ್ತಿಯಾಯಿತು, ಮನೆ ಬಿಡು ಎಂದರು.

ಕೂತಿದ್ದವರೆಲ್ಲ ಪರದೆ ಬಿಟ್ಟು ಅಂಬರೀಶನ ಕಡೆ ತಿರುಗಿದರು.

"ಏನಂದ್ರು? ಇನ್ನೊಂದ್ಸಲ ಹೇಳು," ಎಂದರು ಮುನಿಗಂಗಪ್ಪ.

"ರೂಮು ಜಾಸ್ತಿಯಾಯ್ತಂತೆ ದೊಡ್ಡಪ್ಪ."

"ಹೆಂಡ್ತಿ ಸತ್ತಿದ್ದಕ್ಕಾ?"

"ಹೂಂ."

"ಥೂ ಇವರ..." ಎಂದು ಶುರುವಾದ ಮುನಿಗಂಗಪ್ಪನವರ ಮಾತನ್ನು ಅಚ್ಚು ಹಾಕುವಂತಿಲ್ಲ. ಸ್ಕೂಲಲ್ಲಿ ಕೆಲಸ ಮಾಡಿದವರ ಬಾಯಲ್ಲಿ ಅಂಥ ಮಾತು ಊರು ಎಂದೂ ಕೇಳಿರಲಿಲ್ಲ.

ಹೊರಗೆ ಮುನೇಶ ಸುಮ್ಮನೆ ಕೂತಿರಲಿಲ್ಲ. ಪಿಕ್ಚರ್ ಅರ್ಧಕ್ಕೆ ಬರುವಾಗ ಸರಿಯಾಗಿ ಭವನದ ಬಾಗಿಲ ಪಕ್ಕದಲ್ಲೇ ಒಲೆ ಹಚ್ಚಿ ಆಲೂ ಬೋಂಡ ಬಿಡತೊಡಗಿದ. ಬಿಟ್ಟಿ ಬೋಂಡ! ಎದ್ದು ಬಂದವರಿಗೆ ಮಾತ್ರ! ವಾಸನೆ ಟಾರ್ಪಾಲಿನ ಸಂದಿಯಿಂದ ನುಗ್ಗಿ ಬಂತು. ಬ್ರಿಟಿಷ್ ವಾಸ್ತವವಾದ ಒಂದು ಕಡೆ, ಬಿಸಿ ಬೋಂಡ ಇನ್ನೊಂದು ಕಡೆ. ಪ್ರಪಂಚದ ಯಾವ ನಿರ್ದೇಶಕನಿಗೂ ಇಂಥ ಪರೀಕ್ಷೆ ಬಂದಿರಲಾರದು.

ಯಾರೂ ಏಳಲಿಲ್ಲ. ಯಾಕೆಂದರೆ ಪರದೆಯ ಮೇಲೆ ಜಾರ್ಜಪ್ಪ ಆಫೀಸಿಗೆ ಫೋನ್ ಮಾಡಿದ್ದ. ಆ ಕಡೆಯಿಂದ ಬರೀ ಮ್ಯೂಸಿಕ್ಕು ಬರುತ್ತಿತ್ತು.

"ಅಲ್ಲೂ ಇದೇನಾ?" ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು. "ಏಯ್ ಫೋನ್ ಇಡ್ಬೇಡ್ರಿ ಜಾರ್ಜಪ್ಪನೋರೆ! ಇಟ್ರೆ ಮತ್ತೆ ಮೊದ್ಲಿಂದ!"

ಬೋಂಡ ಆರುತ್ತಾ ಬಂತು. ಜನ ಯಾಕೆ ಬರುತ್ತಿಲ್ಲ ನೋಡೋಣ ಎಂದು ಮುನೇಶ ಬೋಂಡ ಎತ್ತುವ ಜಾಲರಿ ಹಿಡಿದುಕೊಂಡೇ ಒಳಗೆ ಇಣುಕಿದ. ಇಣುಕಿದವನು ಅಲ್ಲೇ ನಿಂತ. ನಿಂತವನು ಕೂತ. ಕೊನೆಯಲ್ಲಿ ಜಾರ್ಜಪ್ಪನ ಮಂಚ, ಹೆಂಡತಿಯ ಕೋಟು, ಚಾ ಕೆಟಲು ಎಲ್ಲವನ್ನೂ ಹೊರಗೆ ಮಳೆಯಲ್ಲಿಟ್ಟು ಆಫೀಸಿನವರು ಬೀಗ ಹಾಕಿದಾಗ, ಭವನದಲ್ಲಿ ಎಲ್ಲರಿಗಿಂತ ಜೋರಾಗಿ ಅತ್ತವನು ಮುನೇಶ. ಜಾಲರಿಯಿಂದ ಎಣ್ಣೆ, ಕಣ್ಣಿಂದ ನೀರು.

ಪರದೆಯ ಮೇಲೆ ಹೆಸರುಗಳು ಓಡತೊಡಗಿದವು. ಒಬ್ಬರೂ ಎದ್ದಿರಲಿಲ್ಲ. ಅಂಬರೀಶ್ ಗೆದ್ದಿದ್ದ! ಅವನು ಮೈಕು ಎತ್ತಿ, "ತಿಂಗಳಿಗೊಂದಿನ ಭವನ..." ಎನ್ನುವಷ್ಟರಲ್ಲಿ ಮುನಿಗಂಗಪ್ಪ ಎದ್ದು ನಿಂತು ಕೆಮ್ಮಿದರು.

"ಯಾರೂ ಏಳ್ಬೇಡಿ. ಈಗ ಜಾರ್ಜಪ್ಪನ ವಿಷ್ಯ."

"ಏನ್ ವಿಷ್ಯ ದೊಡ್ಡಪ್ಪ?"

"ಕಷ್ಟ ಭವನಕ್ಕೆ ಬಂದೈತೆ. ತಂದೋನು ನೀನು. ಜಾರ್ಜಪ್ಪ ಬರಕ್ಕಾಗಲ್ಲ, ನೀನು ಎಡಗಡೆ ಚಾಪೆ ಮೇಲ್ ಕೂತ್ಕೊ. ಆ ಡೈರೆಕ್ಟ್ರ ಕಡೆಯೋರು ಯಾರು?"

ಎಲ್ಲರ ಕತ್ತು ಬಲಕ್ಕೆ ತಿರುಗಿತು. ಕೆಂಪು ಸಿಂಹಾಸನದಲ್ಲಿ ಮೋಹನ್‌ಬಾಬು ಶಾಲು ಸರಿಮಾಡಿಕೊಳ್ಳುತ್ತಿದ್ದರು.

"ಆತ್ಮೀಯರು ಅಂದ್ರಲ್ಲ ಸ್ವಾಮಿ?" ಮಂಗಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದಳು. "ಒಂದ್ ಮಾತ್ ಹೇಳಿ. ವಯಸ್ಸಾದೋನ ಸಾಮಾನೆಲ್ಲ ಮಳೇಲಿ ಹಾಕ್ತಾವ್ರೆ. ನಿಮ್ಮೋರು ಎದುರಿಗೇ ಕ್ಯಾಮ್ರಾ ಹಿಡ್ಕೊಂಡ್ ನಿಂತವ್ರೆ. ಒಂದ್ ಛತ್ರಿ ಹಿಡಿಯಕ್ಕಾಗ್ಲಿಲ್ವಾ?"

"ತಾಯಿ, ನಿರ್ದೇಶಕ ಮಧ್ಯ ಪ್ರವೇಶಿಸುವುದಿಲ್ಲ. ಅದೇ ಅವರ ಕಲೆ."

"ಸುಮ್ನೆ ನಿಂತು ನೋಡೋದು ಕಲೇನಾ?"

"ಹಾಗಂತಲ್ಲ... ನಿರ್ಲಿಪ್ತತೆ..."

"ಆ ಮಂಚ ಹಿಡ್ಕೊಂಡಿದ್ರೆ ಆಗ್ತಿತ್ತು ಅಂತೀನಿ. ಕ್ಯಾಮ್ರಾ ಪಕ್ಕಕ್ಕಿಟ್ಟು ಆ ಕಡೆ ಆ ಡೈರೆಕ್ಟ್ರು, ಈ ಕಡೆ ನೀವು!"

"ನಾನು ಅಲ್ಲಿರಲಿಲ್ಲ ತಾಯಿ!"

"ಇಲ್ದೇ ಇದ್ರೆ ಆತ್ಮೀಯರು ಹೆಂಗಾಯ್ತೀರಿ?"

ಮೋಹನ್‌ಬಾಬು ಅಷ್ಟರಲ್ಲಿ ಸಿಂಹಾಸನದಿಂದ ಜಾರಿ ಚಾಪೆಗೆ ಬಂದಿದ್ದರು. "ಇವಾಗ್ಲೇ ಫೋನ್ ಹಾಕಿ, ಆ ಡೈರೆಕ್ಟ್ರು ಮಾತಾಡ್ಲಿ," ಎಂದು ನಾಲ್ಕೂ ಕಡೆಯಿಂದ ಕೂಗಾಟ ಎದ್ದಿತು. "ಜಾರ್ಜಪ್ಪ ಎಲ್ಲವ್ನೆ ಅಂತ ಹೇಳ್ಲಿ! ಉಂಡ್ನಾ ಕೇಳಿ!"

ಅಂಬರೀಶನಿಗೆ ತಡೆಯಲಾಗಲಿಲ್ಲ. "ಅಯ್ಯೋ ಅದು ಪಿಚ್ಚರ್ ಕಣ್ರಪ್ಪ! ಜಾರ್ಜ್ ಅಂತ ಯಾರೂ ಇಲ್ಲ!"

ಮುನಿಗಂಗಪ್ಪ ನಿಧಾನವಾಗಿ ಅವನ ಕಡೆ ತಿರುಗಿದರು.

"ಆ್ಯಕ್ಟಿಂಗ್ ಇಲ್ಲ ಅಂದೆ."

"ಅಂದೆ, ಆದ್ರೆ..."

"ನಿಜವಾದ ಕಷ್ಟ ಅಂದೆ. ಮೈಕಲ್ಲಿ ಅಂದೆ."

"ಅದು... ಅಂದ್ರೆ..."

"ಅಂದ್ರೆ ಸುಳ್ಳು ತೋರ್ಸಿ ಊರನ್ನ ಅಳಿಸ್ದ್ಯಾ?" ಮುನೇಶ ಜಾಲರಿ ಎತ್ತಿಕೊಂಡು ಎದ್ದ. "ನನ್ ಬೋಂಡ ಎಲ್ಲಾ ಆರೋಯ್ತಲ್ಲೋ!"

ಸಂಘಮಿತ್ರ ಲ್ಯಾಪ್‌ಟಾಪ್ ಹಿಂದಿನಿಂದ ಗಂಭೀರವಾಗಿ ಕೈ ಎತ್ತಿದಳು. "ಅಪ್ಪ, ಸುಳ್ಳು ಅಂದ್ರೆ ಮೋಸದಿಂದ ಕೂರಿಸಿದ್ದು, ಎಲ್ಲಾರೂ ಮೊದ್ಲೇ ಎದ್ದೋದ ಲೆಕ್ಕನೇ. ಭವನ ಮುನೇಶಣ್ಣಂಗೆ. ನಿಜ ಅಂದ್ರೆ ತೀರ್ಮಾನ ಆಗೋವರ್ಗೂ ಯಾರೂ ಏಳಂಗಿಲ್ಲ. ಅಂಬಿ ಒಂದು ಹೇಳ್ಲಿ."

ಅಂಬರೀಶ್ ಅವಳನ್ನು ಸುಟ್ಟುಬಿಡುವ ಹಾಗೆ ನೋಡಿದ. ಎಂಥ ಅನ್ಯಾಯ! ನಿರ್ದೇಶಕರಿಗೆ ಹೀಗೆಲ್ಲ ಯಾರೂ ಕೇಳುವುದಿಲ್ಲವಲ್ಲ! ಭವನ ಕೈತಪ್ಪುತ್ತಿತ್ತು. ಅವನು ಎದೆಯುಬ್ಬಿಸಿ, ಸಿಟ್ಟಿನಲ್ಲೇ ಕಿರುಚಿದ:

"ನಿಜಾನೇ! ಜಾರ್ಜ್ ಇಲ್ದೇ ಇರ್ಬೋದು, ಅಂಥೋರು ಇದಾರೆ! ಮನೆಯಿಂದ ಆಚೆ ಹಾಕಿಸ್ಕೊಂಡೋರು ಊರೂರಲ್ಲೂ ಇದಾರೆ! ನೋಡಕ್ ನಮಗೆ ಕಣ್ಣಿಲ್ಲ ಅಷ್ಟೇ!"

ಇಂಥ ಮಾತು ಶಿಬಿರದಲ್ಲಾಗಿದ್ದರೆ ಚಪ್ಪಾಳೆ ಬೀಳುತ್ತಿತ್ತು. ಇಲ್ಲಿ ಬಾಗಿಲ ಪಕ್ಕದಿಂದ ಒಂದು ಮುದಿ ದನಿ ಬಂತು.

"ಸರಿಪೋಯಿಂದಿ, ಸರಿಹೋಯ್ತು. ಈಗ ನನ್ ಜ್ಞಾಪ್ಕ ಬಂತಾ?"

ಪಿಳ್ಳಮ್ಮಜ್ಜಿ. ಶಾಮಿಯಾನ ಮುನೇಶನ ತಾಯಿ. ಬಾಯಲ್ಲಿ ಎಲೆಅಡಿಕೆ, ಕೈಯಲ್ಲಿ ಕೋಲು. ಊರವರೆಲ್ಲ ದಿನಾ ನೋಡುವ ಮುದುಕಿ. ಮುನೇಶನ ಮನೆಯ ಮುಂದೆ ಜಗಲಿಯ ಮೇಲೆ ಮಂಚ ಹಾಕಿಕೊಂಡು, ತಗಡಿನ ಸೂರಿನ ಕೆಳಗೆ ಸದಾ ಕೂತಿರುತ್ತಿದ್ದಳು. ಗಾಳಿಗೆ ಕೂತಿದ್ದಾಳೆ ಎಂದೇ ಎಲ್ಲರೂ ಅಂದುಕೊಂಡಿದ್ದರು.

"ಆ ಜಾರ್ಜಪ್ಪಂಗೆ ಒಂದ್ ರೂಮು ಜಾಸ್ತಿ ಆಯ್ತು ಅಂತ ಆಚೆ ಹಾಕಿದ್ರು," ಎಂದಳು ಅಜ್ಜಿ. "ನಂಗಿದ್ದಿದ್ದೇ ಒಂದು. ಅದ್ರೊಳಗೆ ಕುರ್ಚಿ ಮಲಗವೆ."

ಎಲ್ಲರ ಕತ್ತೂ ಈಗ ಮುನೇಶನ ಕಡೆ ತಿರುಗಿತು. ಅವನ ಕೆನ್ನೆಯ ಮೇಲೆ ಜಾರ್ಜಪ್ಪನಿಗಾಗಿ ಹರಿದ ಕಣ್ಣೀರು ಇನ್ನೂ ಆರಿರಲಿಲ್ಲ.

"ಅಮ್ಮ! ಗಾಳಿ ಬೇಕು ಅಂತ ನೀನೇ ಅಲ್ವಾ ಆಚೆ ಬಂದಿದ್ದು?"

"ಒಂದಿನ ಬಂದೆ. ತಿರುಗಿ ನೋಡೋವಷ್ಟ್ರಲ್ಲಿ ಕೊಪ್ಪರಿಗೆ ಒಳಗೋಗಿತ್ತು."

"ಪೈಪಿಗೆ ಮಳೆ ಬಿದ್ರೆ ತುಕ್ಕು ಹಿಡಿಯುತ್ತೆ ಕಣಮ್ಮ..."

"ನಂಗ್ ಹಿಡಿಯಲ್ವ?"

ಮುನೇಶ ಕೈಯಲ್ಲಿದ್ದ ಜಾಲರಿಯನ್ನು ಎಲ್ಲಿಡಬೇಕೆಂದು ತಿಳಿಯದೆ ಮೋಹನ್‌ಬಾಬು ಕೈಗೆ ಕೊಟ್ಟ. ಅವರು ಅದನ್ನು ಸನ್ಮಾನದ ಫಲಕದ ಹಾಗೆ ಎದೆಗೆ ಹಿಡಿದುಕೊಂಡು ನಿಂತರು.

ಆಮೇಲೆ ಎದ್ದ ಗಲಾಟೆಯನ್ನು ಬರೆಯುವುದು ಕಷ್ಟ. ಇಂಗ್ಲೆಂಡಿನ ಆಫೀಸಿನವರ ಮೇಲೆ ಸೇರಿಸಿಟ್ಟಿದ್ದ ಸಿಟ್ಟೆಲ್ಲ ಸಮುದ್ರ ದಾಟಿ ಹೋಗಲಾಗದೆ ಕಾದು ಕೂತಿತ್ತು. ಈಗ ಒಟ್ಟಿಗೆ ಮುನೇಶನ ಮೇಲೆ ಬಿತ್ತು. ಮುನೇಶ, "ಜಾಗ ಇಲ್ದೇ ಇಟ್ಟಿದೀನಿ ಕಣ್ರಪ್ಪ! ಅದಕ್ಕೇ ತಾನೆ ಯುಗಾದಿಯಿಂದ ಭವನ ಕೇಳ್ತಿರೋದು!" ಎಂದು ಗೋಳಾಡಿದ.

ಆ ಮಾತು ಕೇಳಿ ಮುನಿಗಂಗಪ್ಪ ಕೆಮ್ಮಿದರು. ಸದ್ದಡಗಿತು. ತೀರ್ಮಾನ ಯಾವ ಕಡೆ ಹೊರಟಿದೆ ಎಂದು ಅಂಬರೀಶನೊಬ್ಬನಿಗೆ ಮೊದಲೇ ಕಾಣಿಸಿತ್ತು.

"ಶೆಡ್ ಹಾಕ್ಕೊಳೋವರ್ಗೂ ಮುನೇಶನ ಸಾಮಾನು ಭವನಕ್ಕೆ ಬರ್ಲಿ. ಪಿಳ್ಳಮ್ಮ ಇವತ್ತೇ ಅವಳ ರೂಮಿಗೋಗ್ಲಿ. ಪಂಚಾಯ್ತಿ ಬೇಕಾದ್ರೆ ಅರಳಿಮರದಡಿ ನಡೀಲಿ. ಜಾರ್ಜಪ್ಪನ ವಿಷ್ಯ ತೀರ್ತು. ಏಳಿ."

"ದೊಡ್ಡಪ್ಪ!" ಅಂಬರೀಶ್ ಹಾರಿಬಿದ್ದ. "ಒಬ್ರೂ ಎದ್ದಿಲ್ಲ! ನಾನು ಗೆದ್ದಿದೀನಿ! ಬೋಂಡಕ್ಕೂ ಎದ್ದಿಲ್ಲ!"

"ಗೆದ್ದಿದೀಯ ಕಣಪ್ಪ. ಯಾರ್ ಇಲ್ಲ ಅಂದ್ರು? ಎಂಥಾ ಪಿಚ್ಚರ್ರು! ನಿಂದೇ ತೀರ್ಮಾನ ಇದು," ಎಂದು ಮುನಿಗಂಗಪ್ಪ ಅವನ ಬೆನ್ನು ತಟ್ಟಿದರು. "ಹೋಗು, ಆ ಕಡೆ ಪೈಪ್ ಹಿಡ್ಕೊ."

ಹೀಗೆ ಹುಣಸೆಕುಂಟೆಯ ಚಲನಚಿತ್ರ ಸಂಘವು ತಾನು ತೋರಿಸಿದ ಮೊದಲ ಚಿತ್ರದ ಪ್ರಭಾವದಿಂದಲೇ ತನ್ನ ಭವನವನ್ನು ಕಳೆದುಕೊಂಡಿತು. ಪ್ರೇಕ್ಷಕರ ಮೇಲೆ ಇಷ್ಟು ಪರಿಣಾಮ ಆಗುತ್ತದೆಂದು ಗೊತ್ತಿದ್ದರೆ ಅಂಬರೀಶ್ ಒಂದು ಭೂತದ ಪಿಕ್ಚರ್ ಹಾಕುತ್ತಿದ್ದ.

ಇಡೀ ಊರು ಸಾಮಾನು ಹೊತ್ತಿತು. ಕುರ್ಚಿ ಹೋಯಿತು, ಪೈಪು ಹೋಯಿತು. ದೊಡ್ಡ ಕೊಪ್ಪರಿಗೆಯ ಮುಂದಿನ ಹಿಡಿ ಮೋಹನ್‌ಬಾಬು ಪಾಲಿಗೆ ಬಂತು.

"ನಾನು ಮುಖ್ಯ ಅತಿಥಿ," ಎಂದು ಅವರು ನೆನಪಿಸಿದರು.

"ಅದಕ್ಕೇ ಸ್ವಾಮಿ ಮುಂದಿನ್ ಹಿಡಿ ಕೊಟ್ಟಿರೋದು," ಎಂದಳು ಮಂಗಮ್ಮ.

ಸಂಜೆ ಬಿಸಿಲು ಓರೆಯಾಗುವ ಹೊತ್ತಿಗೆ ರೂಮು ಖಾಲಿಯಾಯಿತು. ಪಿಳ್ಳಮ್ಮಜ್ಜಿ ಕೋಲೂರಿಕೊಂಡು ಹೊಸ್ತಿಲು ದಾಟಿದಳು. ಕಿಟಕಿಯಿಂದ ಬಿದ್ದ ಬೆಳಕು ಅವಳ ಬಿಳಿ ಕೂದಲ ಮೇಲೆ ನಿಂತಿತು. ಗೋಡೆಯ ಮೇಲೆ ಕುರ್ಚಿಗಳು ಉಜ್ಜಿದ ಗುರುತು. ಲೈಟಿಲ್ಲ, ಮೇಕಪ್ಪಿಲ್ಲ, ಮುಂದಿನ ದೃಶ್ಯ ಏನೆಂದು ಯಾರಿಗೂ ಗೊತ್ತಿಲ್ಲ! ಅಂಬರೀಶನ ಕೈ ತಾನಾಗಿಯೇ ಜೇಬಿಗೆ ಹೋಗಿ ಫೋನ್ ತೆಗೆಯಿತು.

"ಏಯ್!" ಹಿಂದಿನಿಂದ ಮಂಗಮ್ಮ ಗುಡುಗಿದಳು. "ನೀನೂ ನಿಂತ್ಕೊಂಡ್ ಹಿಡೀತೀಯೇನೋ? ಫೋನ್ ಜೋಬಲ್ಲಿಡು. ಮಂಚ ಹಿಡಿ!"

ಅವನು ಮಂಚ ಹಿಡಿದ. ಆ ಕಡೆ ಮುನೇಶ, ಈ ಕಡೆ ಅವನು. ಒಬ್ಬರ ಮುಖ ಒಬ್ಬರು ನೋಡದೆ ಗೋಡೆ ಪಕ್ಕಕ್ಕೆ ತಂದು ಹಾಕಿದರು. ಅಂಬರೀಶ್ ಮುಖ ಊದಿಸಿಕೊಂಡು ಹೊರಗೆ ಹೊರಟ.

"ಇರೋ," ಎಂದಳು ಪಿಳ್ಳಮ್ಮಜ್ಜಿ. ಮಂಚದ ಮೇಲೆ ಕೂತು ನಾಲ್ಕೂ ಗೋಡೆಗಳನ್ನು ಕಣ್ಣಲ್ಲೇ ಅಳೆದಳು. "ಆ ಭವನಕ್ಕೆ ಯಾಕಂಗ್ ಮುಖ ಸಣ್ಗೆ ಮಾಡ್ಕೊಂಡಿದೀಯ? ಎದುರು ಗೋಡೆಗೆ ಸುಣ್ಣ ಬಳಿ, ನಿನ್ ಪಿಚ್ಚರ್ ಇಲ್ಲೇ ಹಾಕು. ಕೆಳಗ್ ಕೂತ್ರೆ ಎಷ್ಟ್ ಜನ ಬೇಕಾದ್ರೂ ಹಿಡೀತಾರೆ. ನನ್ನೊಬ್ಳಿಗೆ ಜಾಸ್ತೀನೇ ಆಯ್ತಿದು."

ಅಂಬರೀಶನಿಗೆ ಕೋಪ ಮಾಡಿಕೊಳ್ಳಲು ಕಾರಣವೇ ಉಳಿಯದ್ದಕ್ಕೆ ಇನ್ನಷ್ಟು ಕೋಪ ಬಂತು.

"ಜಾರ್ಜಪ್ಪನ ಪಿಚ್ಚರ್ ಹಾಕ್ಲಾ ಅಜ್ಜಿ?"

"ಬ್ಯಾಡಪ್ಪ. ಮತ್ತೆ ಮಳೇಲ್ ನಿಂದ್ರಿಸ್ತೀಯ ಅವನ್ನ." ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತಾ ಮಂಚದ ಇನ್ನೊಂದು ತುದಿಗೆ ಸರಿದು ಜಾಗ ಬಿಟ್ಟಳು. "ಅವನ್ನೇ ಕರ್ಕೊಂಡ್ ಬರಂಗಿದ್ರೆ ಹೇಳು."